ತಲೆಕೆಳಗಾದ ನಾಲ್ಕು ಕಂಬ

ಜಾರಿತ್ ದೋಣಿ ಕಟ್ಟುವ ಮೊದಲೇ ಕೆಳಗಿಂದ ಕೂಗಿ ಹೇಳಿದ. ಮಡು ಬರಿದಾಗಿದೆ, ನೀರಿಗೆ ಯಾರೋ ಮೀನಿಗೆ ವಿಷವಾಗುವ ತುಬಾ ಬೇರು ಜಜ್ಜಿ ಹಾಕಿದ್ದಾರೆ, ಸತ್ತ ಮರಿಮೀನು ದಡದ ಬೇರುಗಳ ಸಂದಿಯಲ್ಲಿ ಕೊಳೆಯುತ್ತಿವೆ, ದೊಡ್ಡದು ಒಂದೂ ಇಲ್ಲ.

ಸೆರಾವ್ ಹೊಳೆಯ ದಡದಲ್ಲಿ, ಇಡೀ ಊರೇ ಒಂದು ಸೂರಿನಡಿ ಬಾಳುವ ಇಬಾನರ ಉದ್ದಮನೆಯಲ್ಲಿ, ಸಾವಿನ ಸುದ್ದಿ ಬಂದಂತೆ ಎಲ್ಲರೂ ಕೆಲಸ ಬಿಟ್ಟು ಎದ್ದರು. ಆ ಮಡುವಿನಲ್ಲಿ ಯಾರೂ ಗಾಳ ಹಾಕಕೂಡದೆಂದು ಮನೆಮನೆಯವರೂ ಸೇರಿ ಕಟ್ಟು ಮಾಡಿದ್ದರು. ಸುಗ್ಗಿಯ ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಬಲೆ ಬೀಸಬೇಕು, ಅಲ್ಲಿಯವರೆಗೆ ಅಲ್ಲಿನ ಸೆಮಾ ಮೀನಿನ ಮೇಲೆ ಕಣ್ಣು ಹಾಕುವುದೂ ತಪ್ಪು. ಹಬ್ಬ ಇನ್ನೇನು ಬಾಗಿಲಿಗೆ ಬಂದಿತ್ತು.

"ಮಡುವಿನ ಕೆಳಗೆ ಜಲ್ಲಿದಿಬ್ಬದ ಮೇಲೆ ಒಂದು ಗುಡಿಸಲು ಹಾಕಿದಾರೆ. ಒಳಗೆ ಬಿಸ್ಕತ್ ಡಬ್ಬಿ ಬಿದ್ದಿದೆ, ಪೇಟೆದು. ಯಾರದ್ದು ಅಂತ ನಾನು ಹೇಳಲ್ಲಪ್ಪ" ಎಂದ ಜಾರಿತ್.

ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರ ಕಣ್ಣು ರೆನಾಂಗನ ಕಡೆ ತಿರುಗಿತು.

ರೆನಾಂಗ್ ಪೇಟೆಯಿಂದ ಗಾಳ ಹಾಕಲು ಬರುವವರನ್ನು ದೋಣಿಯಲ್ಲಿ ಮೇಲಕ್ಕೆ ಕರೆದೊಯ್ದು, ಮಲಗಲು ಜಾಗ ಹುಡುಕಿ ಕೊಟ್ಟು ಬದುಕುವವನು. ಈ ಸಲ ಬಂದವರು ತಿಯೊಂಗ್ ಮೇಷ್ಟ್ರು. ಅವರನ್ನು ಮಡುವಿಗಿಂತ ಎರಡು ತಿರುವು ಕೆಳಗೆ, ಎತ್ತರದ ದಡದಲ್ಲಿ ಇಳಿಸಿ, ಅಕ್ಕಿ ತರಲು ರೆನಾಂಗ್ ಮನೆಗೆ ಬಂದಿದ್ದ. ಅದೇ ರಾತ್ರಿ ಹೊಳೆ ಉಕ್ಕಿತು. ಬೆಳಿಗ್ಗೆ ಜೀವ ಕೈಯಲ್ಲಿ ಹಿಡಿದು ಹೋಗಿ ಮೇಷ್ಟ್ರನ್ನು ಕರೆತಂದ. ಗಡಿಬಿಡಿಯಲ್ಲಿ ಅರ್ಧ ಸಾಮಾನು ಅಲ್ಲೇ ಉಳಿದಿತ್ತು. ಆಮೇಲೆ ಈವರೆಗೆ ಒಂದು ದೋಣಿಯೂ ಮೇಲಕ್ಕೆ ಹೋಗಿರಲಿಲ್ಲ. ಜಾರಿತ್ ಮಾತ್ರ ನೆರೆಗೂ ಮುಂಚೆಯೇ ಹಂದಿ ಬೇಟೆಗೆಂದು ಹೋಗಿ, ಮೇಲೆಯೇ ಸಿಕ್ಕಿಕೊಂಡಿದ್ದ.

"ನಿನ್ನ ಅತಿಥಿಗೆ ನೀನೇ ಹೊಣೆ" ಎಂದರು ಮನೆಯ ಹಿರಿಯ ಬೆಲಾಜಾ. "ಒಂದು ಹಗಲು ಒಂದು ರಾತ್ರಿ ಒಬ್ಬನೇ ಇದ್ದ. ಡಬ್ಬಿ ಅವನದು. ತಪ್ಪು ಅವನದಾದ್ರೆ ನೀನು ಇನ್ಮೇಲೆ ಈ ಹೊಳೆಗೆ ಯಾರನ್ನೂ ಕರ್ಕೊಂಡು ಹೋಗೋ ಹಾಗಿಲ್ಲ."

"ನಾನು ಆ ದಡ ಬಿಟ್ಟು ಕದಲೇ ಇಲ್ಲ ಸ್ವಾಮಿ" ಎಂದರು ಮೇಷ್ಟ್ರು. "ಮೊಣಕಾಲು ನೋವು, ಎಲ್ಲಿಗೆ ಹೋಗ್ಲಿ?"

"ಮೀನು ತಿನ್ನೋವಾಗ ಮೊಣಕಾಲು ನೋಯಲ್ವೇನೋ" ಎಂದಳು ಹಿರಿಯನ ಹೆಂಡತಿ.

ಮೂಲೆಯಲ್ಲಿ ಎಲೆ ಅಡಿಕೆ ಅಗಿಯುತ್ತಿದ್ದ ಮುದುಕರೊಬ್ಬರು ಎದ್ದರು. ಹೆಸರು ಉಂಡಿ, ಪೋಲೀಸ್ ಸಾರ್ಜೆಂಟಾಗಿದ್ದು ನಿವೃತ್ತರಾಗಿ ಬಂದವರು. ಉದ್ದಮನೆಯಲ್ಲಿ ಕೋಳಿ ಕಾಣೆಯಾದರೂ ಗಂಡ ಕಾಣೆಯಾದರೂ ಸಾರ್ಜೆಂಟಜ್ಜನನ್ನೇ ಕರೆಯುತ್ತಿದ್ದರು. ದೋಣಿ ನಡೆಸಲು ಅವರಿಗೆ ಯಾವಾಗಲೂ ರೆನಾಂಗನೇ ಬೇಕು.

"ದೋಣಿ ತೆಗಿ" ಎಂದರು. "ಸಂಜೆಗೆ ಎಲ್ರೂ ಪಡಸಾಲೆಲಿ ಇರಿ. ಮೇಷ್ಟ್ರಿಗೆ ಊಟ ಹಾಕಿ. ಕಳ್ಳನಾದ್ರೂ ಹಸಿವು ಹಸಿವೇ."

ಜಲ್ಲಿದಿಬ್ಬ ನೀರಿಗೆ ತಾಗಿಕೊಂಡೇ ಇತ್ತು. ಗುಡಿಸಲಿನ ಕಂಬಗಳ ಮುಂದೆ ರೆನಾಂಗ್ ನಿಂತುಬಿಟ್ಟ. ಬುಡದ ಕಡೆ ನೆಲಕ್ಕೆ, ತುದಿ ಆಕಾಶಕ್ಕೆ, ಹಾಗೆ ನೆಡದ ಕಂಬದ ಕೆಳಗೆ ಇಬಾನರು ಯಾರೂ ಕಣ್ಣು ಮುಚ್ಚುವುದಿಲ್ಲ. ಮಲಗಿದವನ ಆಯುಸ್ಸು ಹಿಂದುಮುಂದಾಗುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿರುತ್ತಾರೆ. ಇಲ್ಲಿ ಕೊಂಬೆ ಕಡಿದ ಗಂಟುಗಳು ಕೆಳಮುಖವಾಗಿದ್ದವು.

"ಪೇಟೆಯವರೇ ಅಜ್ಜ. ನಾಲ್ಕೂ ತಲೆಕೆಳಗು."

"ನಾಲ್ಕೂನಾ? ಸರಿಯಾಗಿ ನೋಡು."

"ನಾಲ್ಕೂ."

ಅಜ್ಜ ಹೂಂಗುಟ್ಟಿ ಒಲೆಯ ಬೂದಿಯನ್ನು ಕತ್ತಿಯ ತುದಿಯಿಂದ ಸರಿಸಿದರು. ಬೂದಿಯ ಕೆಳಗೆ ನೆರೆ ಬಿಟ್ಟುಹೋದ ನುಣ್ಣನೆಯ ಕೆಸರು, ಬೆಂಕಿಗೆ ಒಣಗಿ ಹೆಂಚಿನಂತಾಗಿತ್ತು. ಸುತ್ತ ಒಂದು ಮೀನಿನ ಹುರುಪೆಯೂ ಇರಲಿಲ್ಲ.

"ಅಷ್ಟು ಸೆಮಾ ಹಸಿಯಾಗಿ ಒಯ್ಯೋಕಾಗಲ್ಲ, ಹೊಗೆ ಹಾಕಿ ಒಣಗಿಸಬೇಕು" ಎಂದರು. "ಈ ಹೊಳೆಲಿ ಮಲಗೋ ಜಾಗ ನಿನ್ನಷ್ಟು ಗೊತ್ತಿರೋನು ಇಲ್ಲ. ದೋಣಿ ಕಾಣಬಾರದು, ಹೊಗೆ ಕಾಣಬಾರದು, ನೆರೆ ಬಂದ್ರೂ ಮುಳುಗಬಾರದು. ನೀನಾದ್ರೆ ಎಲ್ಲಿ ಇರ್ತಿದ್ದೆ?"

ರೆನಾಂಗನಿಗೆ ಉತ್ತರ ಆಗಲೇ ಗೊತ್ತಿತ್ತು. ದೋಣಿ ತಿರುಗಿಸಿದ.

ದೊಡ್ಡ ಆಲದ ಬೇರುಗಳ ಹಿಂದೆ ಒಂದು ಸಣ್ಣ ತೊರೆ, ಅದರ ಮೇಲೆ ಬಂಡೆಯ ಚಪ್ಪರ. ಅಲ್ಲಿ ಹಸಿ ಕೋಲಿನ ಅಟ್ಟ, ಅದರ ಕೆಳಗೆ ಇನ್ನೂ ಬೆಚ್ಚಗಿದ್ದ ಕೆಂಡ, ಬಾಳೆ ಎಲೆ ಮುಚ್ಚಿದ ಬುಟ್ಟಿಗಳ ತುಂಬ ಹೊಗೆ ಹಾಕಿದ ಮೀನು. ಪಕ್ಕದಲ್ಲಿ ಜಜ್ಜಿದ ತುಬಾ ಬೇರಿನ ಸಿಪ್ಪೆ. ಅಟ್ಟದ ಕಂಬಗಳೆಲ್ಲ ಬುಡ ಕೆಳಗಾಗಿ ನೆಟ್ಟಗಿದ್ದವು.

"ಈ ಜಾಗ ಯಾರಿಗೆ ಗೊತ್ತು?"

"ನನಗೆ" ಎಂದ ರೆನಾಂಗ್. ಒಂದು ಬುಟ್ಟಿ ಎತ್ತಿ ದೋಣಿಗಿಟ್ಟು, "ಇನ್ನೊಬ್ಬನಿಗೆ" ಎಂದ.

ಸಂಜೆ ಪಡಸಾಲೆ ತುಂಬಿತ್ತು. ಅಜ್ಜ ಬುಟ್ಟಿಗಳನ್ನು ನಡುವೆ ಇಡಿಸಿ ಕುಳಿತರು.

"ಮೊದಲು ಬೂದಿ. ಕೆಸರು ಕೆಳಗೆ, ಬೂದಿ ಮೇಲೆ. ಅಂದ್ರೆ ನೆರೆ ಬಂದು ಹೋದ್ಮೇಲೆ ಹಾಕಿದ ಒಲೆ. ಮುಂಚೆನೇ ಹಾಕಿದ್ರೆ ಗುಡಿಸಲು ಸಮೇತ ಸಮುದ್ರ ಸೇರಿರೋದು. ನೆರೆ ಆದ್ಮೇಲೆ ಮೇಷ್ಟ್ರು ಎಲ್ಲಿದ್ರು? ಇಲ್ಲೇ, ಕಾಲಿಗೆ ಎಣ್ಣೆ ತಿಕ್ಕಿಸ್ಕೊಂಡು."

"ಬೇರೆ ಪೇಟೆಯವರು ಇರಬಹುದಲ್ಲ? ಕಂಬ ತಲೆಕೆಳಗಿದ್ದವು ಅಂತೀರಿ" ಎಂದರು ಬೆಲಾಜಾ.

"ಅದೇ ಮಜಾ ಮಾವ. ಬುಡ ತುದಿ ಗೊತ್ತಿಲ್ಲದೋನು ಕೈಗೆ ಬಂದ ಹಾಗೆ ನೆಡ್ತಾನೆ. ಒಂದು ಸರಿ, ಒಂದು ತಪ್ಪು. ನಾಲ್ಕಕ್ಕೆ ನಾಲ್ಕೂ ತಪ್ಪಾಗಬೇಕಾದ್ರೆ ಯಾವುದು ಸರಿ ಅಂತ ಗೊತ್ತಿರಲೇಬೇಕು. ನೆಟ್ಟೋನು ನಮ್ಮವನೇ. ಪೇಟೆಯವನು ಎಲ್ಲಿ ಮಲಗ್ತಾನೆ ಅಂತ ಯೋಚನೆ ಮಾಡ್ದ. ಹೊಳೆ ಎಲ್ಲಿ ಮಲಗಿತ್ತು ಅಂತ ಮರೆತ."

ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ಮುಂದುವರಿಸಿದರು.

"ಮೇಷ್ಟ್ರನ್ನ ಕರ್ಕೊಂಡು ಬಂದ್ಮೇಲೆ ಇವತ್ತಿನವರೆಗೆ ಈ ಮನೆ ದೋಣಿ ಒಂದೂ ಮೇಲೆ ಹೋಗಿಲ್ಲ. ಬಿಟ್ಟುಹೋದ ಡಬ್ಬಿ ಎತ್ಕೊಂಡು ದಿಬ್ಬದ ಮೇಲೆ ಇಡೋಕೆ ಮೇಲೆ ಇದ್ದೋನು ಒಬ್ಬನೇ. ಮೀನು ಒಣಗಿಸಿದ ಜಾಗ ಗೊತ್ತಿರೋರು ಇಬ್ಬರು. ಒಬ್ಬ ನನ್ನ ದೋಣಿಯೋನು, ನೆರೆ ಆದ್ಮೇಲೆ ನಿಮ್ಮ ಕಣ್ಣ ಮುಂದೇನೇ ಇದ್ದ. ಇನ್ನೊಬ್ಬ ಹಂದಿ ಬೇಟೆಗೆ ಹೋಗಿದ್ದ. ಹಂದಿ ಎಲ್ಲಪ್ಪ ಜಾರಿತ್?"

ಜಾರಿತ್ ಅಜ್ಜನನ್ನು ನೋಡಲಿಲ್ಲ. ರೆನಾಂಗನನ್ನು ನೋಡಿದ.

"ಆ ಬಂಡೆ ಯಾರಿಗೂ ತೋರ್ಸಲ್ಲ ಅಂತ ಆಣೆ ಮಾಡಿದ್ವಿ" ಎಂದ. "ತೋರಿಸ್ಬಿಟ್ಯಾ?"

ರೆನಾಂಗನಿಗೆ ಒಂದು ಕ್ಷಣ ತಾನೇ ತಪ್ಪು ಮಾಡಿದ ಹಾಗೆ ಅನ್ನಿಸಿತು. ಹುಡುಗರಾಗಿದ್ದಾಗ ನೆರೆಗೆ ಸಿಕ್ಕಿ ಇಬ್ಬರೂ ಒಂದೇ ಚಾಪೆಯಲ್ಲಿ ನಡುಗಿದ್ದು ಅದೇ ಬಂಡೆಯ ಕೆಳಗೆ.

"ಡಬ್ಬಿ ನನ್ನ ಅತಿಥಿದು ಅಂತ ಗೊತ್ತಿತ್ತು ನಿನಗೆ. ನನ್ನ ಅನ್ನ ಹೋಗತ್ತೆ ಅಂತಾನೂ ಗೊತ್ತಿತ್ತು."

"ಈ ಹೊಳೆಲಿ ಮಲಗೋ ಜಾಗ ಒಂದೊಂದೂ ಇಬ್ರೂ ಸೇರಿ ಹುಡುಕಿದ್ದು. ಪೇಟೆಯವರು ಬಂದ್ರೆ ಕೇಳೋದು ರೆನಾಂಗ್ ಎಲ್ಲಿ ಅಂತ. ಜಾರಿತ್ ಅನ್ನೋ ಹೆಸರು ನಿನ್ನ ಬಾಯಲ್ಲೇ ಬರಲ್ಲ."

"ಕೇಳಿದ್ರೆ ಅರ್ಧ ದೋಣಿ ಬಿಟ್ಕೊಡ್ತಿದ್ದೆ ಕಣೋ."

"ಕೇಳ್ಬೇಕಿತ್ತಾ ನಾನು?" ಎಂದ ಜಾರಿತ್.

ಹಿರಿಯರು ಪದ್ಧತಿಯಂತೆ ದಂಡ ಹಾಕಿದರು, ಮಡುವಿನ ನೀರು ಮುಟ್ಟಬೇಡವೆಂದರು. ಹಿರಿಯನ ಹೆಂಡತಿ ಯಾರೂ ಹೇಳದೆಯೇ ಮೇಷ್ಟ್ರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಜಾರಿತ್ ತನ್ನ ಚಾಪೆ ಸುತ್ತಿಕೊಂಡು ಹೆಂಡತಿಯ ತೌರಿನ ಉದ್ದಮನೆಗೆ ಹೊರಟುಹೋದ. ಮೆಟ್ಟಿಲಿಳಿಯುವಾಗ ತಿರುಗಿ ನೋಡಲಿಲ್ಲ. ರೆನಾಂಗ್ ಮಾತ್ರ ದೋಣಿ ತಿರುವು ದಾಟುವವರೆಗೆ ನೋಡಿದ.

ಹಬ್ಬ ಕಳೆದ ಮೇಲೆ ಮೇಷ್ಟ್ರು ಮತ್ತೆ ಬಂದರು. ರೆನಾಂಗ್ ಆಲದ ಬೇರುಗಳನ್ನು ದಾಟುವಾಗ ಆ ಕಡೆಗೆ ಮುಖ ಹಾಕದೆ ದೋಣಿ ಮುಂದೊತ್ತಿ, ಇನ್ನೂ ಮೇಲಿನ ಒಂದು ಇಳಿಜಾರು ದಡದಲ್ಲಿ ಗುಡಿಸಲು ಹಾಕಿದ. ಮೊದಲ ಕಂಬ ನೆಡುವಾಗ, ಹುಡುಗರಾಗಿದ್ದಾಗಿನ ಅಭ್ಯಾಸದಂತೆ, ಜಾರಿತ್ ಹಿಡಿಯಲೆಂದು ತುದಿಯನ್ನು ಪಕ್ಕಕ್ಕೆ ಚಾಚಿದ. ಮೇಷ್ಟ್ರು ಗೊತ್ತಾಗದೆ ಸುಮ್ಮನೆ ನಿಂತಿದ್ದರು. ಒಬ್ಬನೇ ನೆಟ್ಟ. ಅನ್ನ ಬೇಯುವಷ್ಟರಲ್ಲಿ ಕೆಂಜಿಗಗಳು ಹತ್ತಿದವು.

ಮೇಷ್ಟ್ರು ಕಾಲು ಕೊಡವುತ್ತ ಕೇಳಿದರು, "ಇದಕ್ಕಿಂತ ಒಳ್ಳೆ ಜಾಗ ಇರ್ಲಿಲ್ವಾ ರೆನಾಂಗ್?"

"ಇತ್ತು ಮೇಷ್ಟ್ರೇ" ಎಂದ ರೆನಾಂಗ್, ಒಲೆಗೆ ಸೌದೆ ತಳ್ಳುತ್ತ.