ಬೇಕಿಲ್ಲದ ಚೈನು

ಹಿಮ ಬೀಳುವ ದಿನ ಡಾನರ್ ಘಾಟಿ ಹತ್ತುವವರಿಗೆ ಎಲ್ವೀರಾಳ ಮುಖಕ್ಕಿಂತ ಮೊದಲು ಕಾಣುವುದು ಅವಳ ಬೂಟು. ಉಳಿದ ಮೈಯೆಲ್ಲ ಯಾರದೋ ಕಾರಿನ ಚಕ್ರದ ಪಕ್ಕದಲ್ಲಿ, ಹಳೆಯ ರಬ್ಬರ್ ಚಾಪೆಯ ಮೇಲೆ ಒರಗಿರುತ್ತದೆ. ಹಳದಿ ಅಂಗಿಯ ಬೆನ್ನಿಗೆ ಹನ್ನೊಂದು ಎಂಬ ಅಂಕಿ. ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಕಬ್ಬಿಣದ ಚೈನು ಕಟ್ಟುವ ಪರವಾನಗಿ ಪಡೆದವರಿಗೆಲ್ಲ ಅಂಥದೊಂದು ಅಂಕಿಯುಂಟು. ಅವರ ಹೆಸರು ಕೇಳುವವರು ಕಡಿಮೆ.

ಅನ್ಸೆಲ್ಮೊ ಕೇಳಿದ.

ಅದು ಡಿಸೆಂಬರಿನ ಮೊದಲ ಶನಿವಾರ. ಹಸಿರು ಬಣ್ಣದ ಹಳೆಯ ವ್ಯಾಗನ್ನೊಂದು ರಸ್ತೆಯ ಬದಿಗೆ ಬಂದು ನಿಂತಿತು. ಮೂವತ್ತೈದರ ಆಸುಪಾಸಿನ ಗಂಡಸು ಕೈಯಲ್ಲಿ ಚೈನಿನ ಚೀಲ ಹಿಡಿದು ಇಳಿದ. ಎಲ್ವೀರಾ ಚಕ್ರಗಳನ್ನು ಒಂದು ಸಲ ನೋಡಿದಳು.

"ನಿಮಗೆ ಬೇಕಾಗಿಲ್ಲ. ನಾಲ್ಕೂ ಚಕ್ರ ಎಳೆಯೋ ಗಾಡಿ, ಟೈರೂ ಹಿಮದ್ದೇ. ಚೈನು ಡಿಕ್ಕಿಲಿದ್ರೆ ಸಾಕು. ಗೇಟಲ್ಲಿ ತೋರ್ಸಿ ಹೋಗ್ತಾ ಇರಿ."

"ನಾಲ್ಕೂ ಎಳೀತವೆ, ಸರಿ. ನಾಲ್ಕೂ ನಿಲ್ತವಾ?"

ಎಲ್ವೀರಾ ತಲೆಯೆತ್ತಿದಳು. ಆರು ಚಳಿಗಾಲ ಈ ಘಾಟಿಯಲ್ಲಿ ಕಳೆದಿದ್ದಳು. ಇಂಥ ಗಾಡಿಯವರು ಎದೆಯುಬ್ಬಿಸಿಕೊಂಡು ಹೋಗುವುದನ್ನು ಕಂಡಿದ್ದಳು, ಅವರಲ್ಲಿ ಕೆಲವರನ್ನು ಕ್ರೇನು ಎತ್ತುವುದನ್ನೂ ಕಂಡಿದ್ದಳು. ಈ ಪ್ರಶ್ನೆ ಕೇಳಿದವರು ಒಬ್ಬರೂ ಇರಲಿಲ್ಲ.

"ಇಲ್ಲ," ಎಂದಳು. "ನಿಲ್ಲೋ ವಿಷಯಕ್ಕೆ ಬಂದ್ರೆ ಎಲ್ಲಾ ಗಾಡೀನೂ ಬಡಪಾಯೀನೇ."

"ಹಂಗಾದ್ರೆ ಕಟ್ಟಿ. ನಿಮ್ಮ ಹೆಸರೇನು?"

"ಹನ್ನೊಂದು."

"ಅದು ಅಂಗಿ ಹೆಸರು."

ಅವಳು ಚಕ್ರದ ಕಡೆ ತಿರುಗಿದಳು, ನಗು ಅವನಿಗೆ ಕಾಣದಿರಲೆಂದು. ಮುಂದಿನ ಎರಡು ಚಕ್ರಕ್ಕೆ ಕಟ್ಟಿ ಮುಗಿಸುವ ಹೊತ್ತಿಗೆ ಹೆಸರು ಹೇಳಿದ್ದಳು. ಜೊತೆಗೆ ಒಂದು ಬುದ್ಧಿಮಾತನ್ನೂ ಸೇರಿಸಿದ್ದಳು: "ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಮುಂದಿಂದು ಹಿಡ್ಕೊಳತ್ತೆ, ಹಿಂದಿಂದು ಬಾಲ ಬೀಸತ್ತೆ. ನಾಲ್ಕಕ್ಕೂ ಇದ್ರೆ ಒಳ್ಳೇದು."

ಮುಂದಿನ ಶನಿವಾರ ಅವನ ಕೈಯಲ್ಲಿ ಎರಡು ಚೀಲಗಳಿದ್ದವು.

ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಮುದುಕ ವರ್ನ್ ಗಡ್ಡದ ಹಿಮ ಕೊಡವಿಕೊಂಡು ಹೇಳಿದ. "ಎಲ್ವೀರಾ, ನಿನ್ನ ಹುಚ್ಚ ಬಂದ ಕಣಮ್ಮ. ಮುಂದಿನ ವಾರ ಸ್ಟೇರಿಂಗಿಗೂ ಒಂದು ಜೊತೆ ತರ್ತಾನೆ ನೋಡ್ತಿರು."

"ಸುರಕ್ಷತೆ ಬಗ್ಗೆ ಕಾಳಜಿ ಇರೋ ಮನುಷ್ಯ."

"ಹೂಂ. ಯಾರ ಸುರಕ್ಷತೆ ಅಂತ ನಾನೇನು ಕೇಳಿಲ್ಲವಲ್ಲ."

ಅನ್ಸೆಲ್ಮೊ ಘಾಟಿಯ ಆಚೆ ಟ್ರಕಿ ಎಂಬ ಊರಿನ ಮನೆಗಳಲ್ಲಿ ಹೀಟರು ರಿಪೇರಿ ಮಾಡುತ್ತಿದ್ದ. ಘಾಟಿಯ ಈಚೆ, ಆಬರ್ನಿನಲ್ಲಿ ತಾಯಿಯ ಜೊತೆ ವಾಸ. ಮಾತು ಕಡಿಮೆ, ಆಡಿದ್ದನ್ನು ಯೋಚಿಸಿ ಆಡುವವನು. ಅವಳು ಚಕ್ರದ ಬಳಿ ಮಲಗಿದಾಗ ಅವಳ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದ. ಹಿಮಕ್ಕೆ ಕೊಡೆ ಹಿಡಿಯುವವನನ್ನು ಆ ಘಾಟಿ ಕಂಡಿರಲಿಲ್ಲ. ಹೋಗುವ ಬರುವ ಲಾರಿಯವರು ಹಾರ್ನ್ ಹೊಡೆದು ರೇಗಿಸುತ್ತಿದ್ದರು. ಅವನ ಕಿವಿ ಕೆಂಪಾಗುತ್ತಿತ್ತು, ಕೊಡೆ ಮಾತ್ರ ಅಲುಗುತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಫ್ಲಾಸ್ಕಿನಿಂದ ಬಿಸಿ ಚಾಕೊಲೇಟು ಸುರಿದು ಕೊಡುತ್ತಿದ್ದ. ಜೋಳದ ಹಿಟ್ಟು ಹಾಕಿ ಕುದಿಸಿದ್ದು, ಗಂಟಲಲ್ಲಿ ನಿಧಾನವಾಗಿ ಇಳಿಯುವಂಥದ್ದು.

"ಅಮ್ಮ ಕೊಟ್ಟಿದ್ದು. ಹನ್ನೊಂದಕ್ಕೆ ಕೊಡು ಅಂದ್ಲು."

"ನಿಮ್ಮಮ್ಮಂಗೆ ನನ್ನ ಹೆಸರು ಹೇಳಿಲ್ವಾ?"

"ಹೇಳಿದೀನಿ. ಹೆಸರು ಹೇಳುವಾಗ ನನ್ನ ಮುಖ ನೋಡಿ ನಗ್ತಾಳೆ. ಅದಕ್ಕೆ ಹನ್ನೊಂದು ಅಂತಾನೇ ಇಟ್ಕೊಂಡಿದೀವಿ."

ಎಲ್ವೀರಾ ಲೋಟದೊಳಗೆ ನೋಡುತ್ತ ಕುಡಿದಳು. ಅವಳ ಕೆಲಸಕ್ಕೊಂದು ಗುರುತಿತ್ತು. ಚೈನು ಬಿಗಿದ ಮೇಲೆ ಉಳಿಯುವ ತುದಿ ಚಕ್ರ ತಿರುಗಿದಾಗ ಬಡಿಯಬಾರದೆಂದು ಅದನ್ನು ಕಪ್ಪು ರಬ್ಬರಿನ ತುಂಡಿನಿಂದ ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸುತ್ತಿದ್ದಳು. ಅನ್ಸೆಲ್ಮೊ ಘಾಟಿಯ ಆಚೆ ಬದಿಯಲ್ಲಿ ಬಿಚ್ಚಿದ ರಬ್ಬರುಗಳನ್ನು ಒಂದೂ ಎಸೆಯದೆ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದ.

"ನಿಮ್ಮ ಗಂಟು ಬಿಚ್ಚೋಕೆ ಮನಸ್ಸೇ ಬರಲ್ಲ," ಎಂದಿದ್ದ ಒಂದು ದಿನ, ರಸ್ತೆಯ ಕಡೆ ನೋಡುತ್ತ.

"ಬಿಚ್ಚದೆ ಒಣ ರಸ್ತೇಲಿ ಓಡಿಸಿದ್ರೆ ಚೈನು ಹರಿಯತ್ತೆ," ಎಂದಿದ್ದಳು ಅವಳು. ಆ ಶನಿವಾರ ಸಂಜೆ ಮನೆಗೆ ಹೋಗಿ, ಬೇರೇನಾದರೂ ಹೇಳಬಹುದಿತ್ತಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಹೀಗೆ ಹತ್ತು ಶನಿವಾರ. ಬೇಕಿಲ್ಲದ ಚೈನು, ಬೇಕೆಂದೇ ನಿಲ್ಲುವ ಗಾಡಿ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟಿರಲಿಲ್ಲ. ದೇವರು ಕೆಲವರಿಗೆ ಪ್ರೀತಿಯನ್ನು ಕೊಟ್ಟು ಮಾತನ್ನು ಆಮೇಲೆ ಕಳಿಸುತ್ತಾನೆ. ನಡುವಿನ ದಿನಗಳನ್ನು ಮನುಷ್ಯರು ಕಾಯ್ದುಕೊಳ್ಳಬೇಕು.

ಹನ್ನೊಂದನೆಯ ಶನಿವಾರ ಬೆಳಗಿನಿಂದಲೇ ಹಿಮ ಒಂದೇ ಸಮನೆ ಸುರಿಯುತ್ತಿತ್ತು. ಆಚೆ ಇಳಿಜಾರಿನಲ್ಲಿ ಹೊಸ ಹಿಮದ ಕೆಳಗೆ ಗಾಜಿನಂಥ ಮಂಜುಗಡ್ಡೆ ಕಟ್ಟಿದೆಯೆಂದು ವರ್ನ್ ರೇಡಿಯೋದಲ್ಲಿ ಕೇಳಿ ಬಂದು ಹೇಳಿದ್ದ. ನಿಯಮ ಮಾತ್ರ ಎಂದಿನದೇ: ನಾಲ್ಕು ಚಕ್ರ ಎಳೆಯುವ ಗಾಡಿಗೆ ಹಿಮದ ಟೈರಿದ್ದರೆ ಚೈನು ಕಟ್ಟದೆ ಹೋಗಬಹುದು.

ಹಸಿರು ವ್ಯಾಗನ್ ಬಂದು ನಿಂತಿತು. ಗಾಜೆಲ್ಲ ಆವಿ ಹಿಡಿದಿತ್ತು. ಅನ್ಸೆಲ್ಮೊ ಇಳಿದ. ಗಡ್ಡ ನುಣ್ಣಗೆ ಬೋಳಿಸಿದ್ದ, ಇಸ್ತ್ರಿ ಮಾಡಿದ ಅಂಗಿ ಕೋಟಿನ ಸಂದಿಯಲ್ಲಿ ಕಾಣುತ್ತಿತ್ತು.

ಎಲ್ವೀರಾ ಚೀಲ ಬಿಚ್ಚಿದಳು. ಅವಳ ಕೈ ಅಲ್ಲೇ ನಿಂತಿತು.

ಚೀಲದಲ್ಲಿ ಅವಳ ರಬ್ಬರುಗಳಿರಲಿಲ್ಲ. ನಾಲ್ಕೂ ಚೈನಿನ ತುದಿಗೆ ಕೆಂಪು ಉಣ್ಣೆಯ ದಾರ ಸಿಕ್ಕಿಕೊಂಡಿತ್ತು. ಮೆತ್ತಗಿನ, ಮನೆಯಲ್ಲಿ ಹೆಣೆಯುವ ಉಣ್ಣೆ. ಅವಳು ಮೂರನೆಯ ಕೊಂಡಿಗೆ ಸಿಕ್ಕಿಸುತ್ತಿದ್ದ ಕೊಕ್ಕೆಯನ್ನು ಯಾರೋ ನಾಲ್ಕನೆಯದಕ್ಕೆ ಸಿಕ್ಕಿಸಿದ ಗೀರು ಹೊಳೆಯುತ್ತಿತ್ತು. ಇದನ್ನು ಕಟ್ಟಿದ್ದು ಬೇರೆ ಕೈ. ಅಷ್ಟರಲ್ಲಿ ಕಾರಿನೊಳಗಿಂದ ಯಾರೋ ಗಾಜಿನ ಆವಿ ಒರೆಸಿದರು. ಮುಖ ಕಾಣಲಿಲ್ಲ. ಕಂಡದ್ದು ಹೆಂಗಸಿನ ಕೈ, ಅದೇ ಕೆಂಪು ಉಣ್ಣೆಯ ಕೈಗವಸು.

ಅವಳು ಚೀಲದ ಬಾಯಿ ಮತ್ತೆ ಬಿಗಿದಳು. ಇವನು ಚೈನಿಗಾಗಿ ಇಲ್ಲಿ ನಿಂತವನಲ್ಲ ಎಂದಾದರೆ, ಇನ್ನೆಲ್ಲೆಲ್ಲಿ ನಿಲ್ಲುತ್ತಾನೆ? ಇನ್ನಾರ ಮೇಲೆ ಕೊಡೆ ಹಿಡಿಯುತ್ತಾನೆ?

"ಇವತ್ತು ನಿಮಗೆ ಚೈನು ಬೇಕಾಗಿಲ್ಲ," ಎಂದಳು.

"ಯಾವತ್ತೂ ಬೇಕಾಗಿರ್ಲಿಲ್ಲವಲ್ಲ." ಅವನು ನಗಲು ನೋಡಿದ. "ಎಲ್ವೀರಾ, ಇವತ್ತು ಒಂದು ಮಾತು..."

"ಹಿಂದೆ ಗಾಡಿ ಸಾಲು ನಿಂತಿದೆ."

"ಹಾಗಲ್ಲ, ನಾನೇ ಇವತ್ತು..."

"ರಸ್ತೆ ಹೆಂಗಿದೆ ಅಂತ ನಂಗೆ ಗೊತ್ತಿಲ್ವಾ? ನಿಯಮದಲ್ಲಿ ಬೇಡ ಅಂದ್ರೆ ಬೇಡ. ಚಕ್ರ ನಾಲ್ಕೂ ಎಳೀತವೆ, ಹೋಗಿ."

ಅವನು ಅವಳ ಮುಖವನ್ನೇ ನೋಡಿದ. ಅಲ್ಲಿ ಬಾಗಿಲು ಮುಚ್ಚಿತ್ತು. "ನೀವು ಹೇಳಿದ ಮೇಲೆ ಸರಿ," ಎಂದು ಚೀಲವೆತ್ತಿಕೊಂಡು ಹೋದ. ವರ್ನ್ ಒಮ್ಮೆ ತಿರುಗಿ ನೋಡಿದ.

ಮರುದಿನ ಸುದ್ದಿ ತಂದವನೂ ವರ್ನ್. ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

"ನಿನ್ನ ಹುಡುಗನ ಗಾಡಿ ಕಣಮ್ಮ. ಇಳಿಜಾರಲ್ಲಿ ಹಿಂದಿಂದು ಬೀಸಿ ತಡೆಗೋಡೆಗೆ ಹೊಡೀತಂತೆ. ಅವನಿಗೇನೂ ಆಗಿಲ್ಲ. ಪಕ್ಕದಲ್ಲಿ ಅವರಮ್ಮ ಕೂತಿದ್ರು."

"ಅವರಮ್ಮ," ಎಂದಳು ಎಲ್ವೀರಾ.

"ಹೂಂ. ಬೆಳಿಗ್ಗೆ ಹೋಗಿಬಿಟ್ರು, ಆಸ್ಪತ್ರೇಲಿ."

ಎಲ್ವೀರಾ ಆ ದಿನವೂ ಕೆಲಸ ಮಾಡಿದಳು. ಕೈಗಳು ತಾವಾಗಿಯೇ ಬಿಗಿದವು, ಕಟ್ಟಿದವು. ಮುಂದಿನ ವಾರ ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿಕೊಂಡಳು. ಫಾದರ್ ಶಿಲುಬೆಯ ಗುರುತು ಮಾಡಿ, ದೇವರು ಕ್ಷಮಿಸಿದ್ದಾನೆ ಮಗಳೇ ಎಂದರು.

"ಅನ್ಸೆಲ್ಮೊಗೂ ಹೇಳ್ಬೇಕಾ, ಫಾದರ್?"

"ನಿನ್ನ ಭಾರ ಇಳಿಸ್ಕೊಳ್ಳೋಕೆ ಹೇಳ್ಬೇಡ. ಅವನ ಭಾರ ಇಳಿಯೋದಾದ್ರೆ ಹೇಳು."

ಪ್ರತಿ ಭಾನುವಾರ ದೇವಮಾತೆಯ ಮುಂದೆ ಒಂದು ಮೇಣದಬತ್ತಿ ಹಚ್ಚತೊಡಗಿದಳು. ಅನ್ಸೆಲ್ಮೊನ ತಾಯೀ, ಕ್ಷಮಿಸಿ, ಎಂದು ಬೇಡಿಕೊಳ್ಳುತ್ತಿದ್ದಳು. ಹಸಿರು ವ್ಯಾಗನ್ ಮತ್ತೆ ಬರಲಿಲ್ಲ.

ಏಪ್ರಿಲಿನಲ್ಲಿ, ಋತುವಿನ ಕೊನೆಯ ಹಿಮದ ದಿನ, ಬೇರೊಂದು ಕಾರಿನಿಂದ ಅವನು ಇಳಿದ. ಯಾರಿಂದಲೋ ಎರವಲು ತಂದದ್ದು. ತೆಳ್ಳಗಾಗಿದ್ದ. ಎಲ್ವೀರಾ ಚಾಪೆ ಸುತ್ತಿ ಎದ್ದು ನಿಂತಳು. ಇಬ್ಬರೂ ರಸ್ತೆಯಂಚಿನ ಹಿಮದ ದಿಬ್ಬದ ಬಳಿ ಹೋದರು.

"ಆವತ್ತು ಹೇಳೋಕೆ ಬಂದಿದ್ದನ್ನ ಹೇಳಿ ಹೋಗ್ತೀನಿ," ಎಂದ. "ನಂಗೆ ನಿದ್ದೆ ಬರ್ತಿಲ್ಲ. ಆ ವಾರ ಪೂರ್ತಿ ಮನೆ ಮುಂದೆ ಚೈನು ಕಟ್ಟೋದು ಕಲ್ತಿದ್ದೆ. ನಿಮ್ಮ ರಬ್ಬರು ಖರ್ಚು ಮಾಡೋಕೆ ಮನಸ್ಸಾಗ್ದೆ ಅಮ್ಮನ ಉಣ್ಣೇಲಿ ಕಟ್ತಿದ್ದೆ. ಅಮ್ಮ ಕಿಟಕೀಲಿ ಕೂತು, ಅಯ್ಯೋ ಸಡಿಲ ಇದೆ, ಇನ್ನೊಂದ್ಸಲ ಅನ್ನೋಳು. ಆವತ್ತು ನಿಮ್ಮನ್ನ ಬೆಚ್ಚಗೆ ಕಾರೊಳಗೆ ಅಮ್ಮನ ಪಕ್ಕ ಕೂರಿಸಿ, ನಾನು ಹಿಮದಲ್ಲಿ ಮಲಗಿ ಕಟ್ಟೋದು ಅಂತ. ಇನ್ಮೇಲೆ ಹೀಗೇ ಇರ್ಲಿ ಅಂತ ಕೇಳೋದು ಅಂತ."

ಎಲ್ವೀರಾ ಸುತ್ತಿದ ಚಾಪೆಯನ್ನು ದಿಬ್ಬದ ಮೇಲಿಟ್ಟಳು.

"ಹೇಳೋಕಾಗಲಿಲ್ಲ ಅನ್ನೋ ತಳಮಳದಲ್ಲೇ ಓಡಿಸಿದೆ. ಬ್ರೇಕ್ ಜೋರಾಗಿ ಒತ್ತಿದೆ. ನಿಮ್ದೇನೂ ತಪ್ಪಿಲ್ಲ, ನೀವು ನಿಯಮ ಹೇಳಿದ್ರಿ. ಅಮ್ಮನ್ನ ಕೊಂದಿದ್ದು ನಾನು." ಅವನು ಕೈಗಳನ್ನು ನೋಡಿಕೊಂಡ. "ಇಷ್ಟಾದ ಮೇಲೂ, ಅಮ್ಮನಿಗೆ ನೀವು ಬೇಕಾಗಿದ್ರಿ. ನಂಗೂ. ನೀವು ಒಪ್ಪೋದಾದ್ರೆ..."

ಅವಳು ಆರು ವರ್ಷದ ಚಳಿಗಾಲಗಳಲ್ಲಿ, ಮನೆಗೆ ಹಿಂತಿರುಗುವ ಖಾಲಿ ಸಂಜೆಗಳಲ್ಲಿ ಬೇಡಿಕೊಂಡಿದ್ದೆಲ್ಲ ಆ ಒಂದು ಮಾತಿನೊಳಗಿತ್ತು. ಹೂಂ ಎಂದರೆ ಸಾಕಿತ್ತು. ಅವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಅವನು ಅವಳ ಕೈಹಿಡಿದು ಬಾಳುತ್ತಾನೆ. ತಾಯಿಯನ್ನು ಕೊಂದವನು ತಾನೆಂದು ನಂಬಿಕೊಂಡೇ ಬಾಳುತ್ತಾನೆ.

"ನಾನು ನಿಯಮ ಹೇಳಿದ್ದಲ್ಲ," ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಕೆಂಪು ಉಣ್ಣೆ, ನಾಲ್ಕನೆಯ ಕೊಂಡಿ, ಗಾಜು ಒರೆಸಿದ ಕೈ. "ಕೆಳಗೆ ಮಂಜುಗಡ್ಡೆ ಇರೋದು ನಂಗೆ ಗೊತ್ತಿತ್ತು. ವರ್ನ್ ಹೇಳಿದ್ದ. ಬೇರೆ ಹೆಂಗಸು ಅಂದ್ಕೊಂಡೆ. ನಿಮಗೆ ನೋವಾಗ್ಲಿ ಅನ್ನಿಸ್ತು, ಕಳಿಸಿದೆ. ನಿಮಗೆ ಕಟ್ಟೋಕೂ ಬಿಡಲಿಲ್ಲ."

ಒಂದು ಲಾರಿ ಚೈನು ಝಣಗುಟ್ಟಿಸುತ್ತ ಹತ್ತಿ ಹೋಯಿತು. ಅದರ ಸದ್ದು ತಿರುವಿನಲ್ಲಿ ಅಡಗಿತು.

"ನಾಲ್ಕಕ್ಕೂ ಕಟ್ಟಿದ್ದಿದ್ರೆ?" ಎಂದು ಕೇಳಿದ. "ನಾನು ಅದೇ ಥರ ಬ್ರೇಕ್ ಒತ್ತಿದ್ರೂ?"

ದೇವರೇ ಬಲ್ಲ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆ ಇಳಿಜಾರನ್ನು ಅವಳು ಬಲ್ಲಳು, ತನ್ನ ಕೆಲಸವನ್ನೂ ಬಲ್ಲಳು.

"ಜಾರ್ತಿರ್ಲಿಲ್ಲ," ಎಂದಳು. "ನಿಂತಿರೋದು."

ಅನ್ಸೆಲ್ಮೊ ಕಣ್ಣು ಮುಚ್ಚಿದ. ಅವನ ಭುಜಗಳು ನಿಧಾನವಾಗಿ ಇಳಿದವು, ದೂರದಿಂದ ಹೊತ್ತು ತಂದದ್ದನ್ನು ಕೆಳಗಿಟ್ಟವರ ಹಾಗೆ. ಕಣ್ಣು ತೆರೆದಾಗ ಅವನು ಅವಳನ್ನು ಎಂದಿನಂತೆ ನೋಡಲಿಲ್ಲ. ಸಿಟ್ಟಿರಲಿಲ್ಲ. ಘಾಟಿ ಹತ್ತುವ ಎಲ್ಲರೂ ನೋಡುವಂತೆ, ಹಳದಿ ಅಂಗಿಯನ್ನು ನೋಡಿದ.

ಕಾರಿನ ಬಾಗಿಲು ತೆರೆದವನು ನಿಂತ.

"ರಾತ್ರಿ ಮಲಗೋ ಮುಂಚೆ ದಿನಾ ಅಮ್ಮನ ಹತ್ರ ಕ್ಷಮೆ ಕೇಳ್ತಿದ್ದೆ," ಎಂದ. "ಇನ್ನು ನಾನು ಕೇಳ್ಬೇಕಾಗಿಲ್ಲ."

"ಇಲ್ಲ," ಎಂದಳು ಎಲ್ವೀರಾ. "ನಾನು ಕೇಳ್ತೀನಿ. ಪ್ರತಿ ಭಾನುವಾರ ಕೇಳ್ತಿದೀನಿ."

"ಏನಂತ ಕರೀತೀರಿ ಅವಳನ್ನ?"

ಅನ್ಸೆಲ್ಮೊನ ತಾಯಿ ಎಂದಷ್ಟೇ ಕರೆಯುತ್ತಿದ್ದಳು. ಹತ್ತು ಶನಿವಾರ ಆ ಕೈ ಮಾಡಿದ ಚಾಕೊಲೇಟು ಕುಡಿದಿದ್ದಳು. ಒಂದು ಸಲವೂ ಹೆಸರು ಕೇಳಿರಲಿಲ್ಲ.

"ಹೊವಿತಾ," ಎಂದ ಅವನು. "ಹೆಸರು ಹೊವಿತಾ."

ಅವನ ಕಾರು ತಿರುಗಿಕೊಂಡು, ಘಾಟಿ ಹತ್ತದೆ, ಬಂದ ದಾರಿಯಲ್ಲೇ ಇಳಿದು ಹೋಯಿತು.