ಸೈಕಲ್ ಕಡ್ಡಿಯ ಫ್ಯಾನು

"ಇದನ್ನ ತಗೊಳ್ಳೋಕಾಗಲ್ಲ."

ಕಂಪ್ಯೂಟರ್ ಅಂಗಡಿಯ ಮೇಜಿನ ಆಚೆ ಕೂತಿದ್ದವನು ತಲೆ ಎತ್ತದೆ ಹೇಳಿದ. ಬಲಗಣ್ಣಿಗೆ ಸಿಕ್ಕಿಸಿಕೊಂಡಿದ್ದ ಪುಟ್ಟ ಭೂತಗನ್ನಡಿಯನ್ನೂ ತೆಗೆಯಲಿಲ್ಲ.

"ಯಾಕಾಗಲ್ಲ?" ಎಂದಳು ಅವಳು. "ನಿಮ್ಮ ಕಂಪನಿಯದೇ ಕಾರ್ಡು. ಹಳೇ ಗ್ರಾಫಿಕ್ಸ್ ಕಾರ್ಡ್ ಕೊಟ್ಟು ಕಡಿಮೆ ಬೆಲೆಗೆ ಹೊಸದು ಒಯ್ಯಿರಿ ಅಂತ ಬಾಗಿಲಗಲ ಬೋರ್ಡ್ ಹಾಕಿದ್ದೀರಿ. ಪೆಟ್ಟಿಗೆ ಸಮೇತ ತಂದಿದ್ದೀನಿ. ತಗೊಳ್ಳಿ!"

"ಯಾರೋ ಇದನ್ನ ಬಿಚ್ಚಿದ್ದಾರೆ. ತಂಪು ಮಾಡೋಕೆ ಒಳಗಿರೋ ಫ್ಯಾನ್ ನಮ್ಮದಲ್ಲ, ಯಾವುದೋ ಬೇರೆ ಕಂಪ್ಯೂಟರಿಂದು. ಅದನ್ನ ಹಿಡಿದಿಟ್ಟಿರೋದು..." ಅವನು ಇನ್ನಷ್ಟು ಬಗ್ಗಿದ. "...ಸೈಕಲ್ ಚಕ್ರದ ಕಡ್ಡಿ!"

"ಹೌದು. ಏನೀಗ? ತಿರುಗುತ್ತೆ ತಾನೆ?"

"ತಿರುಗುತ್ತೆ."

"ನಿಮ್ಮ ಕಂಪನಿ ಫ್ಯಾನು ತಿರುಗೋದನ್ನೇ ಬಿಟ್ಟಿತ್ತು."

"ಬಿಟ್ಟಿದ್ರೂ ಪರವಾಗಿಲ್ಲ. ಆದರೆ ನಮ್ಮದೇ ಆಗಿರಬೇಕು. ಅದು ನಿಯಮ."

"ಆಹಾ! ತಿರುಗೋ ಫ್ಯಾನ್ ಬೇಡ, ತಿರುಗದ ಫ್ಯಾನ್ ಬೇಕು! ಎಂಥಾ ನ್ಯಾಯ ರೀ ನಿಮ್ಮದು!"

ಹಿಂದೆ ಸಾಲಿನಲ್ಲಿ ನಿಂತಿದ್ದವರು ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ. ಆ ಕಡ್ಡಿಯನ್ನೇ ನೋಡುತ್ತಿದ್ದ.

"ಇದನ್ನ ಮಾಡಿದವರು ಎಡಗೈಯವರಾ?"

ಅವಳೂ ಕಡ್ಡಿಯತ್ತ ಬಗ್ಗಿದಳು.

"ನಿಮಗೆ... ಹೇಗೆ ಗೊತ್ತು?"

"ತಿರುವು ಆ ಕಡೆಗಿದೆ. ಒಂದು ಸಲ ಬಗ್ಗಿಸಿ, ಸರಿ ಬರಲಿಲ್ಲ ಅಂತ ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿದ್ದಾರೆ. ತುದಿ ಕೈಗೆ ಚುಚ್ಚಬಾರದು ಅಂತ ಉಜ್ಜಿದ್ದಾರೆ. ಮನಸ್ಸಿಟ್ಟು ಮಾಡಿದ ಕೆಲಸ. ಎಲ್ಲಿ ಸಿಕ್ತಾರೆ ಅವರು?"

"ಸಿಗಲ್ಲ. ನಮ್ಮಣ್ಣ ಅವನು. ಹೋಗಿಬಿಟ್ಟ."

ಅವನು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. ಮೊದಲ ಸಲ ಅವಳ ಮುಖ ನೋಡಿದ.

ಅಣ್ಣ ಹೋದ ಮೇಲೆ ಮನೆಗೆ ಬಂದವರೆಲ್ಲ ಅವಳಿಗೆ ಸಮಾಧಾನ ಹೇಳಿದ್ದರು. ದೇವರ ಇಚ್ಛೆ ಎಂದಿದ್ದರು, ಧೈರ್ಯ ತಂದುಕೊ ಎಂದಿದ್ದರು. ಆದರೆ ಅಣ್ಣ ಎಂಥವನು ಎಂದು ಯಾರೂ ಹೇಳಿರಲಿಲ್ಲ. ಅವನ ಮುಖವನ್ನೇ ಕಾಣದ ಈ ಮನುಷ್ಯ ಒಂದು ಕಡ್ಡಿ ನೋಡಿ ಹೇಳಿಬಿಟ್ಟಿದ್ದ!

ಅಳಬಾರದು... ಇಲ್ಲಿ ಅಳಬಾರದು... ಎಂದುಕೊಂಡಳು. ಅಳಲಿಲ್ಲ.

"ಅವರು ಹಳೇ ಸಾಮಾನು ಎಸೀತಿದ್ರಾ?" ಎಂದು ಅವನು ಕೇಳಿದ.

"ಸವೆದ ನಟ್ಟನ್ನೂ ಎಸೆದವನಲ್ಲ. ಸೈಕಲ್ ಅಂಗಡಿ ಇತ್ತು ಅವನದು. ಯಾಕೆ?"

"ಕಾರ್ಡು, ಪೆಟ್ಟಿಗೆ ಎರಡನ್ನೂ ಇಲ್ಲೇ ಬಿಟ್ಟು ಹೋಗಿ. ಸಂಜೆ ಬನ್ನಿ."

"ಸಂಜೆಗೆ ಏನಾಗುತ್ತೆ?"

"ಗೊತ್ತಿಲ್ಲ. ಖಾತ್ರಿಯಾಗದ ಮಾತನ್ನ ನಾನು ಆಡಲ್ಲ."

* * *

ಅವಳ ಕೆಲಸ ಬೊಂಬೆಗಳಿಗೆ ಜೀವ ಕೊಡುವುದು. ಕಂಪ್ಯೂಟರಿನಲ್ಲಿ ಬೊಂಬೆಗಳನ್ನು ಕಟ್ಟಿ, ನಡೆಸಿ, ನಗಿಸುತ್ತಿದ್ದಳು. ನಾಲಿಗೆ ಮಾತ್ರ ಚೂಪು. ಅದಕ್ಕೇ ಅಣ್ಣ ಅವಳನ್ನು ಗುಂಡುಸೂಜಿ ಎಂದು ಕರೆಯುತ್ತಿದ್ದ.

ಮಕ್ಕಳ ಆಸ್ಪತ್ರೆಯೊಂದು ಅವಳಿಗೆ ಒಂದು ಕಿರುಚಿತ್ರ ಮಾಡಿಕೊಡಲು ಹೇಳಿತ್ತು. ಆಪರೇಷನ್ನಿಗೆ ಹೋಗುವ ಮಗು ನೋಡಿ ಹೆದರಿಕೆ ಬಿಡಬೇಕು, ಅಂಥ ಚಿತ್ರ. ಅಂಥದ್ದೊಂದು ಮಾಡಬೇಕೆಂಬುದು ಅವಳ ಬಹುದಿನದ ಆಸೆ. ಆದರೆ ಅಣ್ಣ ಸರಿಮಾಡಿಕೊಟ್ಟಿದ್ದ ಹಳೆಯ ಕಾರ್ಡಿಗೆ ಆ ಭಾರ ಎಳೆಯುವ ಶಕ್ತಿ ಇರಲಿಲ್ಲ. ಬೊಂಬೆ ಅರ್ಧ ನಕ್ಕು ಅಲ್ಲೇ ನಿಂತುಬಿಡುತ್ತಿತ್ತು. ಹೊಸ ಕಾರ್ಡು ಬಾರದಿದ್ದರೆ ಕೆಲಸ ಬಿಡಬೇಕು. ಹಳೆಯದನ್ನು ಕೊಟ್ಟರೆ ಅಣ್ಣನ ಕೊನೆಯ ಕೈಕೆಲಸ ಮನೆಯಿಂದ ಹೋಗುತ್ತದೆ.

ಹಿಂದಿನ ದಿನ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ದೇವರ ಮುಂದೆ ಕೂತಿದ್ದಳು.

"ಕೊಡಲಾ? ಬೇಡವಾ? ನೀನೇ ಹೇಳಪ್ಪ..."

ದೇವರು ಮಾತಾಡಲಿಲ್ಲ. ಅಡುಗೆಮನೆಯಿಂದ ಅಮ್ಮ ಮಾತಾಡಿದರು.

"ನೀನು ಕೆಲಸ ಮಾಡ್ಲಿ ಅಂತ ತಾನೆ ಅವನು ಅದನ್ನ ಸರಿ ಮಾಡಿದ್ದು? ಕೆಲಸ ನಿಲ್ಲಿಸಿ ಅದನ್ನ ತಬ್ಕೊಂಡು ಕೂತ್ರೆ ಅವನಿಗೇ ಸಿಟ್ಟು ಬರುತ್ತೆ."

ಅಮ್ಮನ ಧ್ವನಿ ಗಟ್ಟಿಯಾಗಿತ್ತು. ಕಣ್ಣು ಒರೆಸಿಕೊಂಡದ್ದು ಮಾತ್ರ ಬಾಗಿಲ ಮರೆಯಲ್ಲಿ.

* * *

ಸಂಜೆ ಹೋದಾಗ ಮೇಜಿನ ಹಿಂದೆ ಅವನಿರಲಿಲ್ಲ. ಬಾಗಿಲ ಬಳಿ ಕೂರುವ ಹುಡುಗಿ ಅವಳನ್ನು ಕಂಡು ನಕ್ಕಳು.

"ಬನ್ನಿ ಅಕ್ಕ, ನಿಮ್ಮ ಕಾರ್ಡ್ ಪಾಸಾಯ್ತು! ನಮ್ಮ ಭೂತಗನ್ನಡಿ ಸಾಹೇಬರು ಊಟಾನೂ ಬಿಟ್ಟು ಅದರ ಮುಂದೆ ಕೂತಿದ್ರು."

ಕಾರ್ಡು ಮೇಜಿನ ಮೇಲಿತ್ತು. ಹೊಳೆಯುತ್ತಿತ್ತು. ಅದರ ನಡುವೆ ಕಂಪನಿಯ ಗುರುತಿನ ಕಪ್ಪು ಫ್ಯಾನು.

ಸೈಕಲ್ ಕಡ್ಡಿ ಇರಲಿಲ್ಲ.

"ಇದರಲ್ಲಿದ್ದ ಫ್ಯಾನ್ ಎಲ್ಲಿ?"

"ಬೇರೆ ಕಂಪನಿದಾ? ಬಿಚ್ಚಿದ್ದೆಲ್ಲ ಗುಜರಿ ಡಬ್ಬಕ್ಕೇ ಹೋಗೋದು ಅಕ್ಕ."

ಮನಸ್ಸಿಟ್ಟು ಮಾಡಿದ ಕೆಲಸ ಎಂದವನು... ಅದನ್ನೇ ಕಿತ್ತು ಗುಜರಿಗೆ ಎಸೆದನೇ?

ಛೇ! ಎರಡು ಸಿಹಿ ಮಾತಿಗೆ ಕರಗಿದೆನಲ್ಲ ನಾನು!

ಮೂಲೆಯ ಡಬ್ಬವನ್ನು ನೆಲಕ್ಕೆ ಕವುಚಿ, ಅಲ್ಲೇ ಕೂತು ಹುಡುಕತೊಡಗಿದಳು. ಮುರಿದ ರೆಕ್ಕೆಗಳು, ತಂತಿಗಳು, ತಿರುಪುಗಳು... ಬೆರಳು ತರಚಿತು. ಬಿಡಲಿಲ್ಲ.

"ಏನು ಹುಡುಕ್ತಿದ್ದೀರಿ?"

ಬಾಗಿಲಲ್ಲಿ ಅವನು ನಿಂತಿದ್ದ.

"ನಮ್ಮಣ್ಣನ್ನ ಹುಡುಕ್ತಿದ್ದೀನಿ!" ಎಂದು ಕೂಗಿದಳು. "ನೀವು ಗುಜರಿಗೆ ಹಾಕಿದ್ರಲ್ಲ, ಅವನನ್ನ!"

ಅವನು ಒಳಗೆ ಬಂದ. ಅವಳ ಎದುರು ನೆಲದ ಮೇಲೇ ಕೂತ. ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ.

ಒಳಗೆ ಅಣ್ಣನ ಫ್ಯಾನು! ಕಡ್ಡಿ ಹಾಗೇ ಇತ್ತು. ಹಿಂದೆ ಹೊಸದಾಗಿ ಒಂದು ತೆಳು ತಂತಿ.

"ಕಂಪನಿಯ ಹಳೇ ಫ್ಯಾನು ನಿಮ್ಮ ಪೆಟ್ಟಿಗೆಯಲ್ಲೇ, ತಳದ ಸ್ಪಂಜಿನ ಕೆಳಗಿತ್ತು," ಎಂದ. "ಕಾಗದ ಸುತ್ತಿ ಇಟ್ಟಿದ್ರು ನಿಮ್ಮಣ್ಣ. ಅದನ್ನ ವಾಪಸ್ ಕೂರಿಸಿದೆ. ಇದಕ್ಕೆ ತಂತಿ ಹಾಕಿಸೋಕೆ ಪಕ್ಕದ ಬೀದಿಗೆ ಹೋಗಿದ್ದೆ. ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸಿದ್ರೆ ಸಾಕು, ನಿಮ್ಮ ಮೇಜಿನ ಮೇಲೆ ತಿರುಗುತ್ತೆ."

ಅವಳು ಫ್ಯಾನನ್ನು ಅಂಗೈಗೆ ತೆಗೆದುಕೊಂಡಳು. ಆದರೂ ಗುಂಡುಸೂಜಿ ಗುಂಡುಸೂಜಿಯೇ.

"ನನ್ನನ್ನ ಕೇಳದೆ ಯಾಕೆ ಮುಟ್ಟಿದ್ರಿ?"

"ಫ್ಯಾನು ಪೆಟ್ಟಿಗೆಯಲ್ಲಿ ಇರುತ್ತೋ ಇಲ್ವೋ... ಆಸೆ ತೋರಿಸಿ ಆಮೇಲೆ ಇಲ್ಲ ಅನ್ನೋದು..."

"ಖಾತ್ರಿಯಾಗೋ ತನಕ ಬಾಯಿ ಬಿಡಲ್ಲ, ಅಲ್ವಾ? ಬಾಯಿ ಬಿಡದೇ ಇದ್ರೂ ನೋವಾಗುತ್ತೆ ರೀ! ಇದನ್ನ ಬಿಚ್ಚುವಾಗ ನಾನು ಪಕ್ಕದಲ್ಲಿರಬೇಕಿತ್ತು."

ಅವನು ತಲೆ ತಗ್ಗಿಸಿದ.

"ತಪ್ಪಾಯ್ತು. ಕೇಳಬೇಕಿತ್ತು. ಕಾರ್ಡು ಇನ್ನೂ ಕಂಪನಿ ವಶಕ್ಕೆ ಹೋಗಿಲ್ಲ. ನೀವು ಬೇಡ ಅಂದ್ರೆ ಕಡ್ಡಿ ಎಲ್ಲಿತ್ತೋ ಅಲ್ಲೇ ಕೂರಿಸಿ ಕೊಡ್ತೀನಿ. ನೀವು ಹೇಳಿದ ಹಾಗೆ."

ಅವಳು ಕಾರ್ಡನ್ನು ನೋಡಿದಳು. ಅಂಗೈಯ ಮೇಲಿದ್ದ ಫ್ಯಾನನ್ನು ನೋಡಿದಳು.

ಕಂಪನಿ ಕೊಟ್ಟದ್ದಷ್ಟೇ ಕಂಪನಿಗೆ ಬೇಕು. ಅಣ್ಣ ಸೇರಿಸಿದ್ದನ್ನು ಅವರು ಕೇಳುತ್ತಲೇ ಇಲ್ಲ! ದೇವರೂ ಹಾಗೇನಾ? ಕೊಟ್ಟ ಉಸಿರನ್ನು ವಾಪಸ್ ತೆಗೆದುಕೊಂಡ. ಅಣ್ಣ ಕೂಡಿಸಿಟ್ಟ ಪ್ರೀತಿಯನ್ನು ನಮ್ಮ ಹತ್ತಿರವೇ ಬಿಟ್ಟ...

ಎದ್ದು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಕಾರ್ಡ್ ಕಳಿಸಿ. ಹೊಸದು ಕೊಡಿ. ನನಗೆ ಕೆಲಸ ಇದೆ."

"ಖಾತ್ರಿ ತಾನೆ?"

"ಖಾತ್ರಿ!"

ಚೆಲ್ಲಿದ ಗುಜರಿಯನ್ನು ಇಬ್ಬರೂ ಸೇರಿ ಡಬ್ಬಕ್ಕೆ ತುಂಬಿದರು. ಅವನ ಭೂತಗನ್ನಡಿಯ ಅಂಚು ಸವೆದದ್ದು ಆಗ ಅವಳ ಕಣ್ಣಿಗೆ ಬಿತ್ತು.

"ಇದೂ ಹಳೇದೇ?"

"ನಮ್ಮಪ್ಪನದು. ಗಡಿಯಾರ ರಿಪೇರಿ ಮಾಡ್ತಿದ್ರು. ಹೊಸದು ಕೊಡ್ತೀವಿ ಅಂತ ಕಂಪನಿಯವರು ಹೇಳ್ತಾನೇ ಇದ್ದಾರೆ." ಅವನು ನಕ್ಕ. "ಇದನ್ನ ನಾನೇ ಕೊಡ್ತಿಲ್ಲ."

ಅಯ್ಯೋ, ಇವನಿಗೆ ನಗಲೂ ಬರುತ್ತದೆ!

* * *

ಹೊಸ ಕಾರ್ಡು ಬಂದ ಮೇಲೆ ಬೊಂಬೆಗಳು ಪೂರ್ತಿ ನಕ್ಕವು. ಮೇಜಿನ ಮೇಲೆ ಅಣ್ಣನ ಫ್ಯಾನು ಸರ್‍ರನೆ ತಿರುಗುತ್ತಿತ್ತು.

ಅವನ ಫೋನೂ ಬರುತ್ತಿತ್ತು. ಕಾರ್ಡು ಬಿಸಿಯಾಗ್ತಿದೆಯಾ? ಶಬ್ದ ಬರ್ತಿದೆಯಾ? ತಿರುಪು ಬಿಗಿಯಾಗಿದೆಯಾ?

"ಯಂತ್ರದ ಆರೋಗ್ಯ ಇಷ್ಟು ವಿಚಾರಿಸೋ ಕಂಪನೀನ ನಾನು ಕಂಡೇ ಇಲ್ಲ ತಾಯಿ!" ಎಂದರು ಅಮ್ಮ. "ಆ ಹುಡುಗನ್ನ ಒಂದು ಸಲ ಮನೆಗೆ ಕರಿ. ಕಾರ್ಡ್ ನೋಡೋಕೆ ಬರ್ತಾನೋ ನಿನ್ನ ನೋಡೋಕೆ ಬರ್ತಾನೋ, ನಾನು ಹೇಳ್ತೀನಿ."

"ಅಮ್ಮಾ!"

"ನಿಮ್ಮಣ್ಣ ಇದ್ದಿದ್ರೆ ಇಷ್ಟು ಹೊತ್ತಿಗೆ ಅವನನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಬಂದಿರ್ತಿದ್ದ."

ಅಣ್ಣನ ಹೆಸರೆತ್ತಿ ಅಮ್ಮ ನಕ್ಕದ್ದು ಅವನು ಹೋದ ಮೇಲೆ ಅದೇ ಮೊದಲು. ಅವಳು ಮನಸ್ಸಿನಲ್ಲೇ ಕೈಮುಗಿದಳು.

ಚಿತ್ರ ತೋರಿಸುವ ದಿನ ಅವನನ್ನು ಕರೆದದ್ದು ಆಸ್ಪತ್ರೆಗೆ. ಮಕ್ಕಳ ವಾರ್ಡಿನ ಗೋಡೆಯ ಮೇಲೆ ಪರದೆ ಕಟ್ಟಿದ್ದರು. ಅವನು ಹಿಂದಿನ ಬೆಂಚಿನ ತುದಿಯಲ್ಲಿ ಕೂತ.

ಚಿತ್ರದಲ್ಲಿ ಒಂದು ಪುಟ್ಟ ರೋಬೋ. ಅದರ ಎದೆಯ ಫ್ಯಾನು ಕೆಟ್ಟಿದೆ. ರಿಪೇರಿ ಕೋಣೆಗೆ ಹೋಗಲು ಅದಕ್ಕೆ ಭಯ. ಬಾಗಿಲಲ್ಲಿ ಸೈಕಲ್ ಮಾಮನೊಬ್ಬ ಎಡಗೈ ಚಾಚಿ ಅದನ್ನು ಒಳಗೆ ಕರೆದೊಯ್ಯುತ್ತಾನೆ. ಒಳಗೆ ಒಂದು ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡ ಉದ್ದ ಮನುಷ್ಯ. ಅವನು ಪ್ರತಿ ತಿರುಪು ಮುಟ್ಟುವ ಮುಂಚೆಯೂ ಬಗ್ಗಿ ಕೇಳುತ್ತಾನೆ:

"ಮುಟ್ಟಲಾ?"

ಹಾಸಿಗೆಯ ಮೇಲಿಂದ ಒಂದು ಮಗು ತಟ್ಟನೆ ಕೇಳಿತು. "ಸಿಸ್ಟರ್, ನನ್ನನ್ನೂ ಕೇಳ್ತಾರಾ?"

"ಕೇಳ್ತಾರೆ ಪುಟ್ಟ. ನಾನೇ ಪಕ್ಕದಲ್ಲಿರ್ತೀನಿ."

"ಹಾಗಾದ್ರೆ ಹೋಗ್ತೀನಿ."

ಹಿಂದಿನ ಬೆಂಚಿನವನು ಎದ್ದು ಹೊರಗೆ ನಡೆದ.

* * *

ಅವನು ಆಸ್ಪತ್ರೆಯ ವರಾಂಡದ ಕಿಟಕಿಯ ಬಳಿ ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ನನ್ನ ತಪ್ಪನ್ನ ಪರದೆ ಮೇಲೆ ಹಾಕಿಬಿಟ್ರಿ," ಎಂದ.

"ತಪ್ಪಲ್ಲ. ತಿದ್ದಿಕೊಂಡದ್ದನ್ನ ಹಾಕಿದ್ದೀನಿ." ಅವಳು ಅವನ ಎದುರು ನಿಂತಳು. "ಈಗ ಹೇಳಿ, ಕಾರ್ಡ್ ಬಿಸಿಯಾಗ್ತಿದೆಯಾ ಅಂತ ಇನ್ನೆಷ್ಟು ದಿನ ಕೇಳ್ತೀರಿ?"

"ಅದು... ನನಗೆ ಇನ್ನೂ..."

"ಖಾತ್ರಿಯಾಗಿಲ್ಲ! ಆಗಲಿ, ನಾನೇ ಹೇಳ್ತೀನಿ. ನನಗೆ ನೀವಂದ್ರೆ ಇಷ್ಟ. ಆದರೆ ಒಂದು ಮಾತು. ಹಳೇದನ್ನ ಕೊಟ್ಟು ಹೊಸದು ತಗೊಳ್ಳೋ ಯೋಜನೆ ಅಲ್ಲ ಇದು. ನಮ್ಮಣ್ಣನ ದುಃಖ ನಾನು ಯಾರಿಗೂ ಕೊಡಲ್ಲ. ಅದು ನನ್ನ ಹತ್ರಾನೇ ಇರುತ್ತೆ. ಅದರ ಪಕ್ಕದಲ್ಲಿ ಜಾಗ ಇದೆ. ಬರ್ತೀರಾ?"

ಅವನು ಕೈ ಮುಂದೆ ಚಾಚಿ, ಮುಟ್ಟದೆ, ಹಾಗೇ ನಿಲ್ಲಿಸಿದ.

"ಹಿಡೀಲಾ?"

ಅವಳು ನಕ್ಕಳು. ಕಣ್ಣೀರೂ ಬಂತು.

"ಪರವಾಗಿಲ್ಲ, ಕೇಳೋದು ಕಲ್ತಿದ್ದೀರಿ! ಖಾತ್ರಿ ತಾನೆ?"

"ಆ ಕಡ್ಡಿ ನೋಡಿದ ದಿನವೇ ಆಗಿತ್ತು," ಎಂದ ಅವನು. "ನಿಮ್ಮಣ್ಣ ಅಷ್ಟು ಜೋಪಾನ ಮಾಡಿದ್ದು ಯಾರಿಗೋಸ್ಕರ ಅಂತ ತಲೆ ಎತ್ತಿ ನೋಡಿದೆ... ನೀವು ಜಗಳಕ್ಕೆ ನಿಂತಿದ್ರಿ."

"ಹಾಗಾದ್ರೆ ಇನ್ನೂ ಯಾಕೆ ಕೇಳ್ತಾ ನಿಂತಿದ್ದೀರಿ? ಹಿಡೀರಿ!"

ಅವನು ಹಿಡಿದ.