ಮೊಳೆಯದ ಡೇಲಿಯಾ

ಅವನು ಊರು ಬಿಟ್ಟು ಹೊರಟಿರುವ ಸುದ್ದಿ ಅವಳಿಗೆ ಸಿಕ್ಕಿದ್ದು ದೊಡ್ಡಮ್ಮನ ಬಾಯಿಂದ. ಅದೂ ಕುಂಡಗಳಿಗೆ ಮಣ್ಣು ತುಂಬುತ್ತಿರುವಾಗ, ತೀರಾ ಹಗುರವಾಗಿ.

"ನಮ್ಮ ಗೆಡ್ಡೆ ಮೇಸ್ತ್ರಿ ಹೊರಟ ಕಣೇ. ಬೇರೆ ಊರಿನ ತೋಟದಲ್ಲಿ ಕೆಲಸ ಸಿಕ್ಕಿದೆಯಂತೆ. ಗೇಟಿನ ಹತ್ರ ವ್ಯಾನಿಗೆ ಸಾಮಾನು ತುಂಬ್ತಿದ್ದಾನೆ."

ಅವಳು ಕೈಯಲ್ಲಿದ್ದ ಕುಂಡವನ್ನು ಕೆಳಗಿಟ್ಟಳು.

ದೊಡ್ಡಮ್ಮನ ನರ್ಸರಿಯಲ್ಲಿ ಅವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಅವಳದು ಬೀಜದ ಪಾತಿ, ಅವನದು ಡೇಲಿಯಾ ಗೆಡ್ಡೆ. ಅವಳ ಕರ್ಣಕುಂಡಲದ ಕಾಯಿಗಳು ಬಲಿತು ಪಟ್ಟನೆ ಸಿಡಿಯುತ್ತಿದ್ದವು. ಬೀಜ ಬಿದ್ದಲ್ಲೇ ಮುಂದಿನ ಮಳೆಗೆ ಸಸಿಗಳು ಏಳುತ್ತಿದ್ದವು, ಕಾಲುದಾರಿಯನ್ನೂ ಬಿಡದೆ.

"ಬೀಜದ ಮೇಡಂ, ನಿಮ್ಮ ಹೂಗಳಿಗೆ ಹೇಳೋರು ಕೇಳೋರು ಯಾರೂ ಇಲ್ವಾ?" ಎಂದು ಅವನು ಮೂಗು ಮುರಿಯುತ್ತಿದ್ದ.

"ಅವಕ್ಕೆ ಯಾರ ಹಂಗೂ ಬೇಕಿಲ್ಲ ಮೇಸ್ತ್ರಿ. ನಿಮ್ಮ ಗೆಡ್ಡೆಗಳನ್ನ ಅಗೆದು, ಒಣಗಿಸಿ, ಮಲಗಿಸಿ, ಮತ್ತೆ ಎಬ್ಬಿಸಿ... ಅಬ್ಬಬ್ಬಾ, ಅದೇನು ಹೂವೋ ಮನೆ ಅಳಿಯನೋ!"

ಅವನು ನಗುತ್ತಿದ್ದ. ಆದರೆ ದಾರಿಯ ಸಸಿಗಳನ್ನು ತುಳಿಯದೆ ಎಚ್ಚರದಿಂದ ದಾಟುತ್ತಿದ್ದ. ಅದನ್ನು ಓರೆಗಣ್ಣಿನಲ್ಲಿ ನೋಡಿ ಅವಳು ಒಳಗೊಳಗೇ ಕರಗುತ್ತಿದ್ದಳು.

ಬೇಸಿಗೆಯ ಕೊನೆಗೆ ಒಂದು ದಿನ, ಗೆಡ್ಡೆಗಳನ್ನು ಬಿಡಿಸಿ ಕತ್ತರಿಸುತ್ತಿದ್ದವನು ಒಂದನ್ನು ಅವಳ ಅಂಗೈಯಲ್ಲಿಟ್ಟ. ಅವನ ಕಣ್ಣು ಗೆಡ್ಡೆಯ ಮೇಲಿರಲಿಲ್ಲ, ಪಕ್ಕದಲ್ಲಿ ಕೂತಿದ್ದ ಅವಳ ಮೇಲಿತ್ತು.

"ಇದನ್ನ ನೀವೇ ನೆಡಿ. ಹೂ ಬಿಟ್ಟ ದಿನ ನಿಮ್ಮನ್ನ ಒಂದು ಮಾತು ಕೇಳ್ಬೇಕು. ಇಷ್ಟ ಇಲ್ದಿದ್ರೆ ನೆಡೋದೇ ಬೇಡ, ನಾನು ಅರ್ಥ ಮಾಡ್ಕೊಳ್ತೀನಿ."

ಆ ಮಾತು ಯಾವುದೆಂದು ತಿಳಿಯದಷ್ಟು ಪೆದ್ದಿಯಲ್ಲ ಅವಳು. ಅಂದೇ ತನ್ನ ಕೋಣೆಯ ಕಿಟಕಿಯ ಕೆಳಗೆ, ಕುಂಡದಲ್ಲಿ ನೆಟ್ಟಳು.

ಆಮೇಲೆ ಶುರುವಾಯಿತು ಸಂಕಟ. ನರ್ಸರಿಯ ಡೇಲಿಯಾಗಳೆಲ್ಲ ಎದೆಯುದ್ದ ಬೆಳೆದು ಅರಳಿದರೂ ಅವಳ ಕುಂಡದಲ್ಲಿ ಒಂದು ಚಿಗುರೂ ಇಲ್ಲ. ಕೆದಕಿ ನೋಡಲು ಭಯ, ಅವನಿಗೆ ಹೇಳಲು ನಾಚಿಕೆ. ತಾನು ಮುಟ್ಟಿದ್ದೆಲ್ಲ ಮೊಳೆಯುತ್ತದೆಂದು ಜಂಬ ಕೊಚ್ಚಿದವಳು, ಅವನು ಕೊಟ್ಟಿದ್ದನ್ನೇ ಕೊಂದೆನೆಂದು ಹೇಗೆ ಹೇಳುವುದು? ಅವನ ನೋಟ ತಪ್ಪಿಸಿ ಓಡಾಡಿದಳು. ಅವನೂ ಕೀಟಲೆ ನಿಲ್ಲಿಸಿದ. ಈಗ ಹೊರಟೇಬಿಟ್ಟಿದ್ದ.

ಅವಳು ಓಡಿದಳು. ಮೊದಲು ಕಿಟಕಿಯ ಬಳಿಗೆ. ಕುಂಡವನ್ನು ಮಗುಚಿ ಎರಡೂ ಕೈಯಿಂದ ಮಣ್ಣು ಬಗೆದಳು. ಸಿಕ್ಕ ಗೆಡ್ಡೆಯನ್ನು ಮುಷ್ಟಿಯಲ್ಲಿ ಹಿಡಿದು, ಹೊರಡುತ್ತಿದ್ದ ವ್ಯಾನಿಗೆ ಅಡ್ಡ ನಿಂತಳು.

"ನೆಟ್ಟಿದ್ದೆ! ಅವತ್ತೇ ನೆಟ್ಟಿದ್ದೆ ಕಣ್ರೀ. ದಿನಾ ನೀರು ಹಾಕ್ದೆ, ಬೇಡ್ಕೊಂಡೆ, ಬೈದೆ. ಯಾಕೆ ಬರಲಿಲ್ವೋ ಗೊತ್ತಿಲ್ಲ. ನೀವು ಹೋಗ್ಬೇಡಿ. ನನ್ನ ಕೈಲಿ ಆಗಲ್ಲ."

ಕಣ್ಣೀರಿಗೆ ಕೆನ್ನೆಯ ಮಣ್ಣೆಲ್ಲ ಕೆಸರಾಗಿತ್ತು. ಅವನು ಇಳಿದು ಬಂದು ಗೆಡ್ಡೆಯನ್ನು ತೆಗೆದುಕೊಂಡ. ಅದು ಕೊಳೆತಿರಲಿಲ್ಲ. ಗಟ್ಟಿಯಾಗಿತ್ತು, ಬಿಳಿ ಬೇರುಗಳನ್ನೂ ದಟ್ಟವಾಗಿ ಬಿಟ್ಟಿತ್ತು. ಅದರ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒರೆಸಿದವನ ಮುಖ ಬಿಳುಚಿಕೊಂಡಿತು.

"ಇದಕ್ಕೆ ಕಣ್ಣೇ ಇಲ್ಲ," ಎಂದ. "ಮೊಳಕೆ ಒಡೆಯೋ ಭಾಗಾನ ತಾಯಿಬುಡದಲ್ಲೇ ಬಿಟ್ಟು ಕತ್ತರಿಸಿಬಿಟ್ಟಿದೀನಿ. ಬೇರು ಬರತ್ತೆ, ಚಿಗುರು ಬರಲ್ಲ. ಯಾವತ್ತೂ ಹೀಗೆ ಮಾಡಿದವನಲ್ಲ. ಅವತ್ತು ನೀವು ಪಕ್ಕದಲ್ಲಿ ಕೂತಿದ್ರಿ, ನನಗೆ ಕೈಕಾಲೇ ಆಡ್ತಿರಲಿಲ್ಲ."

"ಅಂದ್ರೆ ನಾನು ಕೊಂದಿಲ್ಲ?"

"ಇಲ್ಲ. ನೀವು ನೆಟ್ಟೇ ಇಲ್ಲ ಅಂದ್ಕೊಂಡು ಹೊರಟಿದ್ದೆ ನಾನು. ಇದು ಈ ಜನ್ಮದಲ್ಲಿ ಹೂ ಬಿಡಲ್ಲ."

"ಮತ್ತೆ ಇನ್ಯಾವುದಕ್ಕೆ ಕಾಯ್ತೀರಿ? ಆ ಮಾತು ಈಗಲೇ ಕೇಳಿ!"

ಅವನು ಡ್ರೈವರನ ಕಡೆ ನೋಡಿದ, ಅವಳ ಹಿಂದೆಯೇ ಬಂದು ನಿಂತಿದ್ದ ದೊಡ್ಡಮ್ಮನ ಕಡೆ ನೋಡಿದ. ಕಿವಿಯವರೆಗೂ ಕೆಂಪಾಗಿ, ಅವಳಿಗೆ ಮಾತ್ರ ಕೇಳುವಂತೆ ಕೇಳಿದ.

"ಹೂಂ," ಎಂದಳು ಅವಳು. ಮತ್ತೆ ಸಾಲದೆನ್ನಿಸಿ ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ, "ಹೂಂ!"

ಡ್ರೈವರ್ ತಲೆ ಹೊರಗೆ ಹಾಕಿದ. "ಸ್ವಾಮೀ, ಬರ್ತೀರೋ ಇಲ್ವೋ?"

"ಸಾಮಾನು ಇಳಿಸಪ್ಪಾ," ಎಂದ ಅವನು. ಆಮೇಲೆ ಆ ಗೆಡ್ಡೆಯನ್ನು ಬೇಲಿಯಾಚೆ ಎಸೆಯಲು ಕೈ ಎತ್ತಿದ. "ಒಳ್ಳೇದೊಂದು ಕೊಡ್ತೀನಿ, ಬನ್ನಿ."

ಅವಳು ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ಕೊಡಿ ಇಲ್ಲಿ. ನನ್ನ ಕುಂಡದ್ದು ಅದು."